ಹಲಗಾ ದಾರಿಯಲ್ಲಿ ಒಂದು ಲೇನ್ ಕಾರ್‌ಪೂಲ್‌ಗೆ ಬಿಟ್ಟರೆ ಎಷ್ಟು ಕಾರು ಬಂದಾವು?

ಬೆಳಗಾವಿಯಿಂದ ಹಲಗಾದ ಸುವರ್ಣ ವಿಧಾನಸೌಧದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಂದು ಲೇನನ್ನು ಮೂವರು ಅಥವಾ ಅದಕ್ಕಿಂತ ಹೆಚ್ಚು ಜನ ಕೂತ ಕಾರುಗಳಿಗೇ ಬಿಟ್ಟರು ಅಂತಿಟ್ಟುಕೊಳ್ಳಿ. ತಾಸಿಗೆ ಎಷ್ಟು ಕಾರು ಆ ಲೇನಿಗೆ ಬಂದಾವು? ಈಗಾಗಲೇ ಒಟ್ಟಿಗೆ ಹೋಗುತ್ತಿರುವವರನ್ನು ಎಣಿಸದೆ ಇದಕ್ಕೆ ಉತ್ತರವಿಲ್ಲ.

ಎಣಿಕೆಗೆ ಮಂಗಳವಾರದಿಂದ ಗುರುವಾರದ ಬೆಳಗು ಒಳ್ಳೆಯದು. ಅಧಿವೇಶನದ ದಿನಗಳನ್ನು ಬಿಡಿ. 15 ನಿಮಿಷಕ್ಕೊಂದು ಹಾಳೆ. ಒಬ್ಬರು ತಲೆ ಎಣಿಸಿ ಹೇಳಬೇಕು, ಇನ್ನೊಬ್ಬರು ಗೀಟು ಹಾಕಬೇಕು. ಕಪ್ಪು ಗಾಜಿನ ಕಾರು, ಹಿಂದಿನ ಸೀಟಿನ ಚಿಕ್ಕ ಮಕ್ಕಳು ತಪ್ಪಿಹೋಗುವುದೇ ಹೆಚ್ಚು. ಹಳದಿ ಬೋರ್ಡಿನ ಕ್ರೂಸರ್‌ಗಳಿಗೆ ಬೇರೆ ಕಾಲಂ ಇರಲಿ. ಅವು ಮೊದಲಿಂದಲೂ ತುಂಬಿಯೇ ಹೋಗುತ್ತವೆ. ಮಕ್ಕಳನ್ನು ಶಾಲೆಗೆ ಬಿಡುವ ಕಾರಿನದೂ ಇದೇ ಕಥೆ. ಅದು ಲೇನಿಗೆ ಬರುತ್ತದೆ, ಆದರೆ ಅದರಿಂದ ರಸ್ತೆಯಲ್ಲಿ ಒಂದು ಕಾರೂ ಕಡಿಮೆಯಾಗುವುದಿಲ್ಲ. ಬೈಕುಗಳ ವಿಷಯವನ್ನು ಮೊದಲೇ ತೀರ್ಮಾನಿಸಿ. ಅಮೆರಿಕದಲ್ಲಿ ಇಂಥ ಲೇನಿಗೆ ಒಂಟಿ ಬೈಕಿಗೂ ಪ್ರವೇಶವಿದೆ. ಆ ನಿಯಮವನ್ನೇ ಇಲ್ಲಿ ತಂದರೆ ಲೇನೆಲ್ಲ ಬೈಕೇ ಆದೀತು.

ಇನ್ನು ಲೆಕ್ಕ. ಅಂಕಿಗಳು ವಿಧಾನ ತೋರಿಸಲು ಇಟ್ಟುಕೊಂಡವು, ಎಣಿಸಿ ತಂದವಲ್ಲ. ತಾಸಿಗೆ 1,000 ಕಾರು: ಒಬ್ಬರೇ ಇರುವವು 650, ಇಬ್ಬರಿರುವವು 250, ಮೂರು ಮತ್ತು ಮೇಲಿನವು 100, ಇವುಗಳಲ್ಲಿ 340 ಜನ. ಒಟ್ಟು 1,490 ಜನ. ಲೇನಿನಿಂದ 6 ನಿಮಿಷ ಉಳಿಯುತ್ತದೆ, ಜನರ ಆಯ್ಕೆಯನ್ನು ಅಂದಾಜಿಸುವ ಲಾಜಿಟ್ ಸೂತ್ರದಲ್ಲಿ ಒಂದು ನಿಮಿಷದ ತೂಕ (ಗುಣಾಂಕ) 0.03 ಎಂದಿಟ್ಟರೆ 6 ನಿಮಿಷಕ್ಕೆ 0.18. ಇ (2.718) ಘಾತ 0.18 ಅಂದರೆ 1.197. ಮೂವರ ಗುಂಪಿನ 340ನ್ನು ಇದರಿಂದ ಗುಣಿಸಿ, ಉಳಿದ 1,150 ಕೂಡಿಸಿ, ಪಾಲು ತೆಗೆಯಿರಿ: ಶೇ 22.8 ಇದ್ದದ್ದು ಶೇ 26.1 ಆಗುತ್ತದೆ. ಅಂದರೆ 1,490ರಲ್ಲಿ ಸುಮಾರು 390 ಜನ, ಕಾರಿಗೆ 3.4 ಜನರಂತೆ 115 ಕಾರು. ಹೊಸದಾಗಿ ಬಂದದ್ದು ತಾಸಿಗೆ 15 ಕಾರು ಮಾತ್ರ!

ಅರ್ಧ ನಿಮಿಷಕ್ಕೊಂದು ಕಾರು ಹೋಗುವ ಲೇನು ಪಕ್ಕದಲ್ಲಿ ನಿಂತವರ ಕಣ್ಣಿಗೆ ಖಾಲಿ ರಸ್ತೆ. ಇಬ್ಬರಿಗೂ ಬಿಟ್ಟರೆ ಇದೇ ಲೆಕ್ಕದಲ್ಲಿ ಸುಮಾರು 377 ಕಾರು ಬರುತ್ತವೆ. ಇಲ್ಲಿ ಇಬ್ಬರಿಂದ ಶುರು ಮಾಡಿ, ತುಂಬಿದಾಗ ಮೂವರಿಗೆ ಏರಿಸುವುದೇ ಸರಿ.

ಆ 15 ಕೂಡ ಹೆಚ್ಚಿನ ಅಂದಾಜೇ. ಈಗಾಗಲೇ ಜೊತೆಗೆ ಹೋಗುವವರಿಗೆ 6 ನಿಮಿಷ ಪೂರ್ತಿ ಲಾಭ. ಹೊಸದಾಗಿ ಸೇರುವವರು ಊರೊಳಗೆ ಒಬ್ಬರನ್ನು ಟಿಳಕವಾಡಿಯಲ್ಲಿ, ಇನ್ನೊಬ್ಬರನ್ನು ಶಹಾಪುರದಲ್ಲಿ ಹತ್ತಿಸಿಕೊಳ್ಳಬೇಕು. ಅದಕ್ಕೆ 4 ನಿಮಿಷ ಹೋದರೆ ಉಳಿದದ್ದು 2. ಕಾಯುವ ನಿಮಿಷವಂತೂ ಗಾಡಿಯಲ್ಲಿ ಕೂತ ನಿಮಿಷಕ್ಕಿಂತ ಭಾರ. ಎರಡರಷ್ಟು ಹಿಡಿಯುವುದು ವಾಡಿಕೆ. ಹೆದ್ದಾರಿಯಲ್ಲಿ ಕ್ಯೂ ಇಲ್ಲದೆ, ಊರೊಳಗಿನ ಸರ್ಕಲ್ಲಿನಲ್ಲೇ ಎಲ್ಲರೂ ಒಟ್ಟಿಗೆ ನಿಲ್ಲುವುದಾದರೆ ಉಳಿಯುವ ಸಮಯ ಸೊನ್ನೆ, ಲೆಕ್ಕವೂ ಅಲ್ಲಿಗೇ ಮುಗಿಯಿತು. ಆದ್ದರಿಂದ ಮೊದಲು ಅಳೆಯಬೇಕಾದ್ದು ಕ್ಯೂ ಎಲ್ಲಿದೆ ಎಂಬುದನ್ನು.

ಒಂದೇ ಸುತ್ತಿಗೆ ಬಿಡಬೇಡಿ. ಒಂಟಿ ಕಾರು ಕಡಿಮೆಯಾದರೆ ಪಕ್ಕದ ಲೇನ್‌ಗಳ ವೇಗ ಏರಿ ಲಾಭ ಇಳಿಯುತ್ತದೆ. ಆ ಹೊಸ ಸಮಯ ಹಾಕಿ ಮತ್ತೆ ಲೆಕ್ಕ ಮಾಡಿ, ಉತ್ತರ ನಿಲ್ಲುವ ತನಕ. ಹೊಸ ಲೇನ್ ಕಟ್ಟದೆ ಇದ್ದದ್ದನ್ನೇ ಕಿತ್ತುಕೊಂಡರೆ ಪಕ್ಕದವು ನಿಧಾನವಾಗಿ ಲಾಭ ಏರುತ್ತದೆ, ಜನರ ಸಿಟ್ಟೂ ಏರುತ್ತದೆ. ಲಾಸ್ ಏಂಜಲೀಸ್‌ನ ಸಾಂಟಾ ಮೋನಿಕಾ ಹೆದ್ದಾರಿಯಲ್ಲಿ 1976ರಲ್ಲಿ ಹೀಗೆ ಮಾಡಿದ್ದನ್ನು 21 ವಾರಕ್ಕೆ ಕೋರ್ಟು ನಿಲ್ಲಿಸಿತು. ವಾಷಿಂಗ್ಟನ್ ಹತ್ತಿರದ ಶರ್ಲಿ ಹೆದ್ದಾರಿಯಲ್ಲಿ 1969ರಲ್ಲಿ ಬಸ್ಸಿಗೆ ಬಿಟ್ಟ ಲೇನನ್ನು 1973ರಲ್ಲಿ ನಾಲ್ವರ ಕಾರುಗಳಿಗೂ ತೆರೆದರು. ಅಲ್ಲಿ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನಂಥ ಒಂದೇ ಜಾಗಕ್ಕೆ ಸಾವಿರಾರು ಜನ ಹೋಗುವುದರಿಂದ ಅಪರಿಚಿತರೂ ಕ್ಯೂ ನಿಂತು ಕಾರು ಹತ್ತುತ್ತಾರೆ. ಹಲಗಾ ದಾರಿಯಲ್ಲೂ ಒಂದೇ ಕಚೇರಿಗೆ, ಒಂದೇ ಹೊತ್ತಿಗೆ ಹೋಗುವವರನ್ನು ಬೇರೆ ಮಾಡಿ ಲೆಕ್ಕ ಹಾಕಿ. ಆದರೆ ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆ ತಗೊಂಡು ಕೂರಿಸುವುದು ಪರ್ಮಿಟ್ ನಿಯಮಕ್ಕೆ ವಿರುದ್ಧ. ಹಣದಾಸೆಗೆ ಸೇರುವವರನ್ನು ಎಣಿಕೆಗೆ ಸೇರಿಸಬೇಡಿ.

ಕೊನೆಗೆ ಕಳ್ಳತನದ ಪಾಲು, ಅಂದರೆ ನಿಯಮಕ್ಕೆ ಮೋಸ ಮಾಡಿ ಲೇನಿಗೆ ಬರುವವರದು. ಜಕಾರ್ತಾದಲ್ಲಿ ಮೂವರ ನಿಯಮವಿದ್ದಾಗ ಹಣ ಕೊಟ್ಟು ಮೂರನೇ ತಲೆ ಹತ್ತಿಸಿಕೊಳ್ಳುತ್ತಿದ್ದರು. ಆದರೂ 2016ರಲ್ಲಿ ನಿಯಮ ತೆಗೆದ ಮೇಲೆ ಸಂಜೆಯ ವಿಳಂಬ ಕಿಲೋಮೀಟರಿಗೆ 2.8 ನಿಮಿಷದಿಂದ 5.3ಕ್ಕೆ ಹೋಯಿತು.