ಅಪ್ಪನ ಬೀಡಿ

ಅಕ್ಟೋಬರ್ ಬಂತೆಂದರೆ ಲಾಸ್ ಏಂಜಲೀಸ್‌ನ ನಮ್ಮ ಬೀದಿ ತುಂಬ ಗೋರಿ, ಮೂಳೆ, ಜೇಡರ ಬಲೆ. ಎದುರು ಮನೆಯವರು 12 ಅಡಿಯ ಪ್ಲಾಸ್ಟಿಕ್ ಅಸ್ಥಿಪಂಜರವನ್ನೇ ನಿಲ್ಲಿಸಿದ್ದಾರೆ. 31ರ ಸಂಜೆ, ಹ್ಯಾಲೋವೀನ್ ಹಬ್ಬಕ್ಕೆ, ದೆವ್ವದ ವೇಷದ ಮಕ್ಕಳು ಬಾಗಿಲು ಬಡಿದು ಚಾಕೊಲೇಟ್ ಕೇಳುತ್ತಾರೆ. ನಾನೋ, ತೊಂಬತ್ತರ ದಶಕದಲ್ಲಿ ದೆವ್ವ ಬಾಗಿಲು ಬಡಿಯುತ್ತೆ ಅಂತ ಹೆದರಿ ಗೋಡೆಗೆಲ್ಲ ‘ನಾಳೆ ಬಾ’ ಅಂತ ಬರೆದವರ ಪೈಕಿ!

ಹ್ಯಾಲೋವೀನ್ ಮೊದಲು ಹೀಗಿರಲಿಲ್ಲ. ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆ ಸುಗ್ಗಿ ಮುಗಿದ ಆ ರಾತ್ರಿ ಸತ್ತವರು ಮನೆ ಕಡೆ ಬರುತ್ತಾರೆ ಅನ್ನುವ ನಂಬಿಕೆಯಿತ್ತು. ಆಗ ದೀಪಕ್ಕೆಂದು ಕೆತ್ತುತ್ತಿದ್ದದ್ದು ಟರ್ನಿಪ್ ಗೆಡ್ಡೆ, ಕುಂಬಳಕಾಯಿ ಬಂದದ್ದು ಹಬ್ಬ ಅಮೆರಿಕಕ್ಕೆ ಬಂದ ಮೇಲೆ. ಈಗ ಅಂಗಳದಲ್ಲಿ ನಿಂತ ಮೂಳೆ ಯಾರ ಮನೆಯ ಅಜ್ಜಂದೂ ಅಲ್ಲ.

ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿಯದು ಬೇರೆಯೇ ಲೆಕ್ಕ. ಅವರ ‘ಸತ್ತವರ ದಿನ’ದ ಹಬ್ಬ ನವೆಂಬರ್ 1 ಮತ್ತು 2. ಮೊದಲ ದಿನ ತೀರಿಕೊಂಡ ಮಕ್ಕಳಿಗೆ, ಮರುದಿನ ದೊಡ್ಡವರಿಗೆ. ಹಾಲ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಜು ಜೋಡಿಸಿ ಫೋಟೋ, ಮೇಣದಬತ್ತಿ, ಒಂದು ಲೋಟ ನೀರು, ಉಪ್ಪು, ಮೇಲೆ ಮೂಳೆಯಾಕಾರ ಕೂರಿಸಿದ ಬ್ರೆಡ್ಡು ಇಡುತ್ತಾರೆ. ಸುತ್ತ ರಾಶಿ ರಾಶಿ ಚೆಂಡು ಹೂವು. ಅದರ ಬಣ್ಣ, ವಾಸನೆ ಹಿಡಿದೇ ಸತ್ತವರು ದಾರಿ ಕಂಡುಕೊಳ್ಳುತ್ತಾರಂತೆ. ಆಯುಧಪೂಜೆಗೆ ನಾವು ಬಸ್ಸು, ಲಾರಿಗೆ ಕಟ್ಟುತ್ತೇವಲ್ಲ, ಆ ಹೂವಿನ ತವರೂ ಮೆಕ್ಸಿಕೋನೇ.

ಅಜ್ಜಿಯ ತಾಯಿಯ ಫೋಟೋ ಮುಂದೆ ಒಂದು ಸಿಗರೇಟ್ ಪ್ಯಾಕು, ಪುಟ್ಟ ಲೋಟದಲ್ಲಿ ಮೆಸ್ಕಾಲ್ ಅನ್ನುವ ಅಲ್ಲಿನ ಮದ್ಯ. ನಾನು ನೋಡುತ್ತಾ ನಿಂತದ್ದು ಕಂಡು, “ನಿಮ್ಮಪ್ಪನ ಫೋಟೋನೂ ತಗೊಂಡು ಬಾಮ್ಮ, ಇಲ್ಲಿ ಜಾಗ ಇದೆ. ಅವರಿಗೆ ಏನಿಷ್ಟ?” ಅಂದರು.

ಗಂಟಲು ಕಟ್ಟಿತು. ಯಾಕೆಂದರೆ ಕೆಲವೇ ವಾರಗಳ ಹಿಂದೆ, ಮಹಾಲಯ ಅಮಾವಾಸ್ಯೆಗೆ ಊರಲ್ಲಿ ಎಡೆ ಇಡುವಾಗ ನಾನಿದ್ದದ್ದು ವಿಡಿಯೋ ಕಾಲ್‌ನಲ್ಲಿ. “ಅಣ್ಣಾ, ಅಪ್ಪಂಗೆ ಬೀಡಿ ಇಟ್ಯಾ?” ಅಂದೆ. “ಮಕ್ಕಳ ಮುಂದೆ ಅದೆಲ್ಲ ಯಾಕೆ, ಸುಮ್ನಿರು” ಅಂದ. ಎಡೆಯಲ್ಲಿ ಪನೀರ್ ಇತ್ತು. ಅಪ್ಪ ಜೀವಮಾನದಲ್ಲಿ ಪನೀರ್ ಮುಟ್ಟಿದವರಲ್ಲ.

ನಾವು ಚಿಕ್ಕವರಿದ್ದಾಗ ತಾತನ ಎಡೆಗೆ ಮುದ್ದೆ, ಮಟನ್ ಸಾರು, ಹೊಸ ಪಂಚೆ, ಬೀಡಿ ಕಟ್ಟು, ಪಕ್ಕದಲ್ಲಿ ಬೆಂಕಿಪೊಟ್ಟಣ, ಒಂದು ಕ್ವಾರ್ಟರ್ ಬ್ರಾಂದಿ. ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು, ಎಲ್ಲರೂ ಹೊರಗೆ ಬರಬೇಕು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ನಾವು ಸಂದಿಯಲ್ಲಿ ಇಣುಕಿ, ಬ್ರಾಂದಿ ಕಮ್ಮಿಯಾಯ್ತಾ ಅಂತ ಜಗಳ ಆಡುತ್ತಿದ್ದೆವು. ಸಂಜೆಗಂತೂ ಕಮ್ಮಿಯಾಗಿರುತ್ತಿತ್ತು. ಚಿಕ್ಕಪ್ಪ ಇದ್ದರಲ್ಲ!

ಈಗ ಅಪಾರ್ಟ್‌ಮೆಂಟು. ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಅನ್ನುವ ಭಯ. ಸತ್ತವರನ್ನೂ ಸಭ್ಯರನ್ನಾಗಿ ಮಾಡಿಬಿಟ್ಟಿದ್ದೇವೆ. ಜೊತೆಗೆ ಎಡೆ ಇಡುವ ಹಕ್ಕು ನಮ್ಮ ಮನೆಯಲ್ಲಿ ಗಂಡುಮಕ್ಕಳದು. ಮದುವೆಯಾಗಿ ಹೋದ ಮಗಳು ಕೈ ಮುಗಿದು, ಊಟ ಮಾಡಿಕೊಂಡು ಬರಬೇಕು. ಅಜ್ಜಿಗೆ ಇದನ್ನು ಹೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ. “ನೀನು ಮಗಳು ತಾನೇ?” ಅಂತ ಮತ್ತೊಮ್ಮೆ ಕೇಳಿದರು.

ಫೋಟೋ ತಂದಿಟ್ಟೆ. ಬೀಡಿ ಎಲ್ಲಿ ಸಿಗಬೇಕು, ಅಜ್ಜಿಯ ಪ್ಯಾಕಿನಿಂದಲೇ ಒಂದು ಸಿಗರೇಟ್ ಇಟ್ಟರು. ಅಸ್ಥಿಪಂಜರದ ಬಟ್ಟೆ ತೊಟ್ಟಿದ್ದ ಮಗ ಕೇಳಿದ: “ತಾತ ಸಿಗರೇಟ್ ಸೇದ್ತಿದ್ರಾ? ನಂಗೆ ಯಾರೂ ಹೇಳೇ ಇಲ್ಲ!” ಆಮೇಲೆ ಮಲಗುವವರೆಗೂ ಪ್ರಶ್ನೆಯೋ ಪ್ರಶ್ನೆ. ತಾತ ಬೈತಿದ್ರಾ, ಇಸ್ಪೀಟ್ ಆಡ್ತಿದ್ರಾ, ಗೆಲ್ತಿದ್ರಾ. ಅಷ್ಟು ಹೊತ್ತು ಅವನ ಹತ್ತಿರ ಅಪ್ಪನ ಬಗ್ಗೆ ನಾನು ಯಾವತ್ತೂ ಮಾತಾಡಿರಲಿಲ್ಲ.

ಮುಂದಿನ ಮಹಾಲಯಕ್ಕೆ ಇಲ್ಲೇ ಎಡೆ ಇಡುತ್ತೇನೆ ಅಂತ ಅಮ್ಮನಿಗೆ ಫೋನ್‌ನಲ್ಲಿ ಹೇಳಿದೆ. ಬೇಡ ಅಂತಾರೆ ಅಂದುಕೊಂಡಿದ್ದೆ.

“ಮೊದ್ಲು ನಿಮ್ಮ ಮಾವಂಗೆ ಇಡು, ಆಮೇಲೆ ಅಪ್ಪಂಗೆ. ಇಲ್ಲಾಂದ್ರೆ ಅಳಿಯಂದ್ರು ಬೇಜಾರ್ ಮಾಡ್ಕೋತಾರೆ” ಅಂದರು. ಆಮೇಲೆ ಸ್ವಲ್ಪ ತಡೆದು, “ಸಾರಿಗೆ ಖಾರ ಜಾಸ್ತಿ ಹಾಕು.”