ಮಗ ಬರೆದ ಪಟ್ಟಿ, ಲಂಡನ್ ನೈಟ್ಸ್ ಹುಡುಗರು

ಲಂಡನ್ನಲ್ಲಿದ್ದೀವಿ ಅಂದರೆ ಊರಿನವರೆಲ್ಲ ಇಂಗ್ಲೆಂಡಿನ ಲಂಡನ್ ಅಂದುಕೊಳ್ಳುತ್ತಿದ್ದರು. ನಮ್ಮದು ಕೆನಡಾದ ಲಂಡನ್, ಒಂಟಾರಿಯೊ ಪ್ರಾಂತ್ಯದ್ದು. ಟೊರಾಂಟೊದಿಂದ ಕಾರಿನಲ್ಲಿ ಎರಡು ಗಂಟೆ ದೂರ. ಇಲ್ಲೂ ಒಂದು ಥೇಮ್ಸ್ ನದಿ ಇದೆ. ರಾಣಿ ಮಾತ್ರ ನೋಟಿನ ಮೇಲೆ ಇದ್ದಳು, ಅಷ್ಟೇ.

ಈ ಊರಿಗೆ 2004-05ರಲ್ಲಿ ಹುಚ್ಚು ಹಿಡಿದಿತ್ತು. ಕಾರಣ ಐಸ್ ಹಾಕಿ. ದೊಡ್ಡವರು ಸಂಬಳಕ್ಕೆ ಆಡುವ ಲೀಗ್ ಎನ್‌ಎಚ್‌ಎಲ್ ಅಲ್ಲ, ಜೂನಿಯರ್ ಹುಡುಗರ ತಂಡ, ಲಂಡನ್ ನೈಟ್ಸ್. ದುಡ್ಡಿನ ವಿಚಾರಕ್ಕೆ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಎನ್‌ಎಚ್‌ಎಲ್ ಆ ವರ್ಷ ಪೂರ್ತಿ ಬಾಗಿಲು ಹಾಕಿತ್ತು. 2005ರ ಫೆಬ್ರವರಿಯಲ್ಲಿ ಇಡೀ ಸೀಸನ್ನೇ ರದ್ದು ಅಂತ ಹೇಳಿಬಿಟ್ಟರು. ಚಳಿಗಾಲದಲ್ಲಿ ಹಾಕಿ ಇಲ್ಲದಿದ್ದರೆ ಕೆನಡಾದವರಿಗೆ ಊಟ ಸೇರಲ್ಲ. ಹಾಗಾಗಿ ದೇಶದ ಕಣ್ಣೆಲ್ಲ ಹದಿನೇಳು ಹದಿನೆಂಟರ ಹುಡುಗರ ಮೇಲೆ ಬಿತ್ತು.

ನನಗೆ ಹಾಕಿ ಅಂದರೆ ಕೊಡಗು. ನಾನು ಹುಟ್ಟಿದ್ದು ಅರಕಲಗೂಡಿನ ಕಡೆ. ಗಡಿ ದಾಟಿದರೆ ಸೋಮವಾರಪೇಟೆ. ಅಲ್ಲಿ ಹಾಕಿ ನೋಡಲು ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಮಂದಿಯೆಲ್ಲ ಮೈದಾನಕ್ಕೆ ಬರುತ್ತಾರೆ. ಐಸ್ ಮೇಲೆ ಆಡುವ ಈ ಹಾಕಿಯನ್ನು ನನಗೆ ಕಲಿಸಿದ್ದು ನನ್ನ ಮಗ. ಅವನಿಗೆ ಆಗ ಒಂಬತ್ತು ವರ್ಷ. ಅನ್ನ ಕಲಸುತ್ತಾ ಕಲಸುತ್ತಾ "ಅಮ್ಮ, ಆಫ್‌ಸೈಡ್ ಅಂದರೆ ಏನು ಗೊತ್ತಾ" ಅಂತ ತಟ್ಟೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದ.

ನಾನು ಆಗ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನನ್ನ ಪಕ್ಕದ ಕೌಂಟರಿನ ಹೆಂಗಸು ಕೆಲವು ವರ್ಷ ಬಿಲೆಟ್ ತಾಯಿಯಾಗಿದ್ದವಳು. ಹಾಗಂದರೆ ಆಟಗಾರ ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಸಾಕುವವಳು. ಕೆನಡಾದಲ್ಲಿ ಇಂಥ ದೊಡ್ಡ ಜೂನಿಯರ್ ಲೀಗ್ ಮೂರಿವೆ. ಪಶ್ಚಿಮಕ್ಕೊಂದು, ಒಂಟಾರಿಯೊಕ್ಕೊಂದು, ಕ್ವಿಬೆಕ್ ಕಡೆಗೊಂದು. ಹದಿನೈದು ಹದಿನಾರು ವರ್ಷಕ್ಕೇ ತಂಡಗಳು ಹುಡುಗರನ್ನು ಆರಿಸಿಕೊಳ್ಳುತ್ತವೆ. ಹುಡುಗ ಅಪ್ಪ ಅಮ್ಮನನ್ನು ಬಿಟ್ಟು ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದವರ ಮನೆಯಲ್ಲಿರಬೇಕು. ಬೆಳಿಗ್ಗೆ ಶಾಲೆ, ಆಮೇಲೆ ಪ್ರ್ಯಾಕ್ಟೀಸ್, ವಾರದ ಕೊನೆಗೆ ಬಸ್ಸಿನಲ್ಲಿ ಊರೂರು. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ 68 ಪಂದ್ಯ. ಕೈಗೆ ಸಿಗುವುದು ಪಾಕೆಟ್ ಮನಿ.

"ಪಂದ್ಯದ ದಿನ ಮಧ್ಯಾಹ್ನ ಒಂದು ಪಾತ್ರೆ ಪಾಸ್ತಾ ಖಾಲಿ ಮಾಡಿ ಮಲಗಿಬಿಡ್ತಾರೆ" ಅನ್ನುತ್ತಿದ್ದಳು ಆಕೆ. "ಎದ್ದಮೇಲೆ ಸೂಟು ಹಾಕ್ಕೊಂಡು ಹೊರಡ್ತಾರೆ. ಟೈ ಕಟ್ಟೋದು ಮಾತ್ರ ನಾನೇ." ಸೋತು ಬಂದ ರಾತ್ರಿ ಅಡುಗೆಮನೆಯಲ್ಲಿ ದೀಪ ಹಾಕದೆ ಕತ್ತಲಲ್ಲೇ ಸೀರಿಯಲ್ ತಿನ್ನುತ್ತಿದ್ದ ಒಬ್ಬ ಹುಡುಗನ ಬಗ್ಗೆ ಆಕೆ ಆಗಾಗ ಹೇಳುತ್ತಿದ್ದಳು. ನನಗೆ ಈ ಆಟದ ಮೇಲೆ ಮನಸ್ಸು ಬಂದದ್ದು ಗೋಲಿನಿಂದಲ್ಲ, ಇಂಥ ಮಾತಿನಿಂದ.

ಆಕೆ ಹಳೆಯ ದಿನಗಳನ್ನೂ ಕಂಡವಳು. 1995-96ರಲ್ಲಿ ಇದೇ ನೈಟ್ಸ್ 66 ಪಂದ್ಯಗಳಲ್ಲಿ ಗೆದ್ದದ್ದು ಬರೀ ಮೂರು! ಆಗೆಲ್ಲ ಎಲ್ಲಿ ಬೇಕಾದರೂ ಕೂರಬಹುದಿತ್ತಂತೆ. 2000ದಲ್ಲಿ ಡೇಲ್ ಹಂಟರ್, ಮಾರ್ಕ್ ಹಂಟರ್ ಅನ್ನುವ ಅಣ್ಣತಮ್ಮ ತಂಡ ಕೊಂಡರು. ಇಬ್ಬರೂ ಎನ್‌ಎಚ್‌ಎಲ್ ಆಡಿದವರು. ಡೇಲ್ ಕೋಚ್, ಮಾರ್ಕ್ ಮ್ಯಾನೇಜರ್. 2002ರಲ್ಲಿ ಊರ ನಡುವೆ ಒಂಬತ್ತು ಸಾವಿರ ಜನ ಹಿಡಿಸುವ ಹೊಸ ಅಖಾಡ, ಜಾನ್ ಲಾಬಟ್ ಸೆಂಟರ್, ಎದ್ದು ನಿಂತಿತು. ಆಮೇಲಿನ ಕಥೆಯೇ ಬೇರೆ. 2004ರ ಸೀಸನ್ ಶುರುವಾದ ಮೇಲೆ 31 ಪಂದ್ಯ ಸೋಲೇ ಇಲ್ಲ. 29 ಗೆಲುವು, ಎರಡು ಡ್ರಾ. ಬ್ರ್ಯಾಂಡನ್ ತಂಡದ 1978-79ರ ಹಳೆಯ ದಾಖಲೆ ಮುರಿಯಿತು. ಡಿಸೆಂಬರಿನಲ್ಲಿ ಸಡ್ಬರಿಯವರು ಕೊನೆಗೂ ಸೋಲಿಸಿದರು. ಸೀಸನ್ ಮುಗಿದಾಗ 59 ಗೆಲುವು, ಏಳು ಸೋಲು, ಎರಡು ಡ್ರಾ.

ಈ ನಡುವೆ ನನ್ನ ಮಗ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಮಾಡಿದ್ದ. ಯಾರು ಯಾರು ಎನ್‌ಎಚ್‌ಎಲ್‌ನಲ್ಲಿ ದೊಡ್ಡ ಸ್ಟಾರ್ ಆಗ್ತಾರೆ ಅಂತ. ಮೊದಲನೆಯ ಹೆಸರು ರಾಬ್ ಶ್ರೆಂಪ್. ಕೆಳಗೆ ಎರಡು ಗೆರೆ ಬೇರೆ. ಈ ಅಮೆರಿಕದ ಹುಡುಗ ಸ್ಟಿಕ್ಕಿನ ತುದಿಯಲ್ಲಿ ಪಕ್ ಅನ್ನುವ ರಬ್ಬರ್ ಬಿಲ್ಲೆಯನ್ನು ಅಂಟು ಹಚ್ಚಿದವನ ಹಾಗೆ ಎತ್ತಿಬಿಡುತ್ತಿದ್ದ. ಮಗ ಹಿತ್ತಲಲ್ಲಿ ಅದನ್ನೇ ಅಭ್ಯಾಸ ಮಾಡಿ ಒಂದು ಕಿಟಕಿ ಒಡೆದಾಗಿತ್ತು. ಎರಡನೆಯವನು ಕೋರಿ ಪೆರಿ. ಆ ಸೀಸನ್ನಿನಲ್ಲಿ 60 ಪಂದ್ಯಕ್ಕೆ 130 ಪಾಯಿಂಟ್. ಗೋಲು ಹೊಡೆದರೂ ಒಂದು ಪಾಯಿಂಟ್, ಹೊಡೆಯಲು ಪಾಸ್ ಕೊಟ್ಟರೂ ಒಂದು. ಮೂರನೆಯವನು ಡೇವ್ ಬೊಲಂಡ್. ಆಮೇಲೆ ಕ್ಯಾಪ್ಟನ್ ಡ್ಯಾನಿ ಸಿವ್ರೆಟ್, ಕೋಚ್ ಮಗ ಡಿಲನ್ ಹಂಟರ್, ಗೋಲಿ, ಅಂದರೆ ಗೋಲ್ ಕೀಪರ್, ಆ್ಯಡಮ್ ಡೆನಿಸ್. ಕೊನೆಗೆ ಜಾಗ ಸಾಲದೆ ಚಿಕ್ಕಕ್ಷರದಲ್ಲಿ ಮಾರ್ಕ್ ಮೆಥಟ್.

ಆ ಮೇ ತಿಂಗಳಲ್ಲಿ ಮೆಮೊರಿಯಲ್ ಕಪ್ ನಮ್ಮ ಊರಲ್ಲೇ ನಡೆಯಿತು. ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ 1919ರಿಂದ ಕೊಡುತ್ತಿರುವ ಕಪ್ಪು. ಮೂರು ಲೀಗಿನ ಚಾಂಪಿಯನ್ನರು, ಜೊತೆಗೆ ಆತಿಥ್ಯ ವಹಿಸಿದ ಊರಿನ ತಂಡ. ನೈಟ್ಸ್ ಎರಡೂ ಆಗಿದ್ದರಿಂದ ಒಂಟಾರಿಯೊ ಫೈನಲ್ಲಿನಲ್ಲಿ ಸೋತ ಒಟ್ಟಾವಕ್ಕೂ ಜಾಗ ಸಿಕ್ಕಿತು. ಪಶ್ಚಿಮದಿಂದ ಕೆಲೊನ. ಕ್ವಿಬೆಕ್‌ನಿಂದ ರಿಮೂಸ್ಕಿ. ರಿಮೂಸ್ಕಿ ಅಂದರೆ ಸಿಡ್ನಿ ಕ್ರಾಸ್ಬಿ. ವಯಸ್ಸು ಹದಿನೇಳು, ಆ ಸೀಸನ್ನಿನಲ್ಲಿ 62 ಪಂದ್ಯಕ್ಕೆ 168 ಪಾಯಿಂಟ್. ಅದೇ ಜನವರಿಯಲ್ಲಿ ಅವನೂ ಪೆರಿಯೂ ಒಂದೇ ಸಾಲಿನಲ್ಲಿ ಆಡಿ ಕೆನಡಾಕ್ಕೆ ವಿಶ್ವ ಜೂನಿಯರ್ ಚಿನ್ನ ತಂದಿದ್ದರು. ಈಗ ಎದುರಾಬದುರು.

ಮೇ 29, ಭಾನುವಾರ ಫೈನಲ್. ನನ್ನ ಬಿಲೆಟ್ ತಾಯಿಯ ಗಂಡನಿಗೆ ಸೊಂಟ ಹಿಡಿದುಕೊಂಡಿತ್ತು. ಆಕೆಯ ಎರಡು ಟಿಕೆಟ್ ನನಗೂ ಮಗನಿಗೂ ಬಂತು. ಅವರ ಸೊಂಟಕ್ಕೆ ನಾನು ಇವತ್ತಿಗೂ ಋಣಿ. ಹೊರಗೆ ಒಳ್ಳೆ ಬಿಸಿಲು. ಡಂಡಾಸ್ ರಸ್ತೆಯ ತುಂಬ ಹಸಿರು ಜೆರ್ಸಿ. ನಾನೊಬ್ಬಳೇ ಕೈಯಲ್ಲಿ ಸ್ವೆಟರ್ ಹಿಡಿದು ಹೋಗುತ್ತಿದ್ದೆ, ಒಳಗಿನ ಚಳಿ ಗೊತ್ತಿತ್ತಲ್ಲ.

ನಮ್ಮ ಸೀಟು ಮೇಲಿನ ಸಾಲಿನಲ್ಲಿತ್ತು. ವಾರ್ಮ್‌ಅಪ್ ಹೊತ್ತಿಗೆ ಮಗ ಕೈ ಎಳೆದುಕೊಂಡು ಕೆಳಗೆ ಗಾಜಿನ ಹತ್ತಿರಕ್ಕೆ ಕರೆದುಕೊಂಡು ಹೋದ. ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಟೀವಿಯಲ್ಲಿ ಗಂಡಸರ ಹಾಗೆ ಕಾಣುತ್ತಿದ್ದರು. ಹತ್ತಿರ ಹೋದರೆ ಮುಖದ ತುಂಬ ಮೊಡವೆ. ಪ್ಲೇಆಫ್, ಅಂದರೆ ಸೀಸನ್ ಆದಮೇಲೆ ಕಪ್‌ಗಾಗಿ ಆಡುವ ಪಂದ್ಯಗಳು, ಶುರುವಾದ ಮೇಲೆ ಗಡ್ಡ ತೆಗೆಯಬಾರದು ಅನ್ನುವ ಪದ್ಧತಿ ಇದೆ ಇವರಲ್ಲಿ. ಪಾಪ, ಗಡ್ಡ ಬಂದರೆ ತಾನೇ? ಒಬ್ಬನ ಗದ್ದದಲ್ಲಿ ಎಣಿಸಿದ ಹಾಗೆ ನಾಲ್ಕು ಕೂದಲು, ಇನ್ನೊಬ್ಬನ ಮೀಸೆ ಹಾಲು ಕುಡಿದು ಒರೆಸದೆ ಬಿಟ್ಟಂತೆ. ಅಷ್ಟರಲ್ಲಿ ಒಂದು ಪಕ್ ಬಂದು ನನ್ನ ಮುಖದ ಎದುರಿಗೇ ಗಾಜಿಗೆ ಬಡಿಯಿತು. ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರ್. ಗುಂಡು ಹಾರಿಸಿದ ಸದ್ದು. ನಾನು ಕಿರುಚಿದೆ. ಹೊಡೆದ ಹುಡುಗ ತಿರುಗಿಯೂ ನೋಡಲಿಲ್ಲ. ಮಗನಿಗೆ ಮಾತ್ರ ಒಂದು ವಾರಕ್ಕಾಗುವಷ್ಟು ನಗು.

"ಕ್ರಾಸ್ಬಿಗೆ ಚಪ್ಪಾಳೆ ತಟ್ಟಬಾರದು" ಅಂತ ಮೊದಲೇ ಅಪ್ಪಣೆಯಾಗಿತ್ತು. ತಟ್ಟುವ ಸಂದರ್ಭವೇ ಬರಲಿಲ್ಲ ಬಿಡಿ. 87ನೇ ನಂಬರಿನ ಹುಡುಗ ಐಸಿಗಿಳಿದ ಕೂಡಲೇ ಒಬ್ಬ ನೈಟ್ಸ್ ಹುಡುಗ ಮೈಗೆ ಅಂಟಿಕೊಳ್ಳುತ್ತಿದ್ದ. ತಿರುಗಿದರೆ ಇನ್ನೊಬ್ಬ. ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಅವನದೇ ಆದರೂ ಆ ದಿನ ಸೊನ್ನೆ. ನೈಟ್ಸ್ 4, ರಿಮೂಸ್ಕಿ 0. ಡೆನಿಸ್ ಒಂದೂ ಗೋಲು ಬಿಡಲಿಲ್ಲ. ಟೂರ್ನಿಯ ಅತ್ಯುತ್ತಮ ಗೋಲಿ ಅನ್ನುವ ಪ್ರಶಸ್ತಿ ಅವನಿಗೆ, ಅತ್ಯುತ್ತಮ ಆಟಗಾರ ಪೆರಿ. ತಂಡ ಹುಟ್ಟಿ ನಲವತ್ತು ವರ್ಷಕ್ಕೆ ಮೊದಲ ಮೆಮೊರಿಯಲ್ ಕಪ್. ಪಕ್ಕದ ಸೀಟಿನ ಮುದುಕರೊಬ್ಬರು ಗುರುತು ಪರಿಚಯ ಇಲ್ಲದ ನನ್ನನ್ನು ತಬ್ಬಿಕೊಂಡು ಅತ್ತರು. ಅವರೂ ಆ ಮೂರು ಗೆಲುವಿನ ವರ್ಷ ನೋಡಿದವರೇ ಇರಬೇಕು.

ಆಮೇಲೆ ಏನಾಯಿತು ಅನ್ನುವುದೇ ನನಗೆ ಆ ಪಂದ್ಯಕ್ಕಿಂತ ದೊಡ್ಡ ವಿಷಯ. ಧಾರಾವಾಹಿ ನೋಡುವ ಹಾಗೆ ಇಪ್ಪತ್ತು ವರ್ಷ ಆ ಹುಡುಗರ ಹಿಂದೆ ಬಿದ್ದಿದ್ದೇನೆ.

ಕ್ರಾಸ್ಬಿ ಕಥೆ ಎಲ್ಲರಿಗೂ ಗೊತ್ತು. ಎರಡು ತಿಂಗಳಲ್ಲಿ ಡ್ರಾಫ್ಟಿನಲ್ಲಿ, ಅಂದರೆ ಎನ್‌ಎಚ್‌ಎಲ್ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಮೊದಲ ನಂಬರ್, ಆಮೇಲೆ ಪಿಟ್ಸ್‌ಬರ್ಗಿಗೆ ಎನ್‌ಎಚ್‌ಎಲ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಮೂರು ಸಲ, 2010ರ ಒಲಿಂಪಿಕ್ಸ್‌ನಲ್ಲಿ ಚಿನ್ನದ ಗೋಲು.

ಶ್ರೆಂಪ್? ಮುಂದಿನ ಸೀಸನ್ ನೈಟ್ಸ್‌ನಲ್ಲೇ ಆಡಿ 145 ಪಾಯಿಂಟ್ ಮಾಡಿದ. ಎನ್‌ಎಚ್‌ಎಲ್‌ನಲ್ಲಿ ಮಾತ್ರ ಒಟ್ಟು 114 ಪಂದ್ಯ. ಕೈಚಳಕ ಇತ್ತು, ದೊಡ್ಡವರ ಆಟದ ವೇಗಕ್ಕೆ ಕಾಲು ಸಾಲಲಿಲ್ಲ ಅಂತ ಬಲ್ಲವರು ಅನ್ನುತ್ತಾರೆ. ಯೂರೋಪಿನ ಕಡೆ ಹೋದ.

ಇನ್ನು ಪಟ್ಟಿಯಲ್ಲೇ ಇಲ್ಲದ ಒಬ್ಬನಿದ್ದ. ಡ್ಯಾನ್ ಜಿರಾರ್ಡಿ. ಸೀಸನ್ನಿನ ನಡುವೆ ಗ್ವೆಲ್ಫ್‌ನಿಂದ ನೈಟ್ಸಿಗೆ ಬಂದವನು. ಡಿಫೆನ್ಸ್. ಡ್ರಾಫ್ಟಿನಲ್ಲಿ ಯಾವ ಎನ್‌ಎಚ್‌ಎಲ್ ತಂಡವೂ ಅವನ ಹೆಸರು ಕರೆಯಲಿಲ್ಲ. ಕೆಳಗಿನ ಲೀಗಿನಲ್ಲಿ ಸೇರಿಕೊಂಡು 2007ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಬಂದ. ಹತ್ತು ವರ್ಷ ಅಲ್ಲೇ ಆಡಿದ, ಕೊನೆಗೆರಡು ವರ್ಷ ಟ್ಯಾಂಪಾದಲ್ಲಿ. ಒಟ್ಟು 927 ಪಂದ್ಯ! ಅವನ ಕೆಲಸ ಏನು ಗೊತ್ತಾ? ಹಾರಿ ಬರುವ ಪಕ್‌ಗೆ ಮೈ ಒಡ್ಡುವುದು. ನನ್ನ ಮುಖದ ಮುಂದೆ ಗಾಜಿಗೆ ಬಡಿಯಿತಲ್ಲ, ಅದನ್ನು ಗಾಜಿಲ್ಲದೆ ಪಕ್ಕೆಲುಬಿನಲ್ಲಿ ತಡೆಯುವುದು. ಒಂಬತ್ತು ವರ್ಷದ ಹುಡುಗ ಇಂಥವನನ್ನು ಗಮನಿಸದಿದ್ದರೆ ತಪ್ಪಿಲ್ಲ. ಮೂವತ್ತು ತಂಡಗಳ ಪರಿಣಿತರು ಗಮನಿಸಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಬ್ರ್ಯಾಂಡನ್ ಪ್ರಸ್ಟ್ ಕೂಡ ಪಟ್ಟಿಯಲ್ಲಿರಲಿಲ್ಲ. ಇವನು ನಮ್ಮ ಊರಿನವನೇ. ತನಗಿಂತ ದಪ್ಪಗಿರುವವರ ಜೊತೆ ಹೊಡೆದಾಡಿಕೊಂಡೇ ರೇಂಜರ್ಸ್, ಮಾಂಟ್ರಿಯಲ್ ಅಂತ ವರ್ಷಗಟ್ಟಲೆ ಆಡಿದ.

ಬೊಲಂಡ್‌ನದು ಬೇರೆ ಥರ. 2013ರ ಸ್ಟ್ಯಾನ್ಲಿ ಕಪ್ ಫೈನಲ್, ಆರನೇ ಪಂದ್ಯ, ಬಾಸ್ಟನ್ನಿನಲ್ಲಿ. ಶಿಕಾಗೊ ಒಂದು ಗೋಲು ಹಿಂದೆ. ಇನ್ನೇನು ಒಂದೂಕಾಲು ನಿಮಿಷ ಇದೆ ಅನ್ನುವಾಗ ಸಮ ಮಾಡಿದರು. ಹದಿನೇಳೇ ಸೆಕೆಂಡಿಗೆ ಬೊಲಂಡ್ ಇನ್ನೊಂದು ಹೊಡೆದ. ಕಪ್ಪು ಶಿಕಾಗೊಗೆ. ಮಗನಿಗೆ ಆಗ ಹದಿನೇಳು. ಸೋಫಾದಿಂದ ಹಾರಿದ್ದಕ್ಕೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಮುಂದಿನ ವರ್ಷ ಫ್ಲಾರಿಡಾ ತಂಡ ಬೊಲಂಡ್‌ಗೆ ಐದು ವರ್ಷದ ದೊಡ್ಡ ಕರಾರು ಕೊಟ್ಟಿತು. ಅಷ್ಟರಲ್ಲಿ ಕಾಲಿನ ಗಾಯ. ಇನ್ನೂ ಮೂವತ್ತು ತುಂಬುವ ಮೊದಲೇ ಆಟ ಮುಗಿಯಿತು.

ಮೆಥಟ್ ಮತ್ತು ಕ್ರಾಸ್ಬಿ ಮತ್ತೆ ಎದುರಾದದ್ದು ನೆನೆದರೆ ಮೈ ಜುಂ ಅನ್ನುತ್ತದೆ. 2017ರ ಮಾರ್ಚ್. ಮೆಥಟ್ ಒಟ್ಟಾವ ತಂಡದಲ್ಲಿದ್ದ. ಕ್ರಾಸ್ಬಿ ಬೀಸಿದ ಸ್ಟಿಕ್ ತಗುಲಿ ಅವನ ಕಿರುಬೆರಳ ತುದಿ ಚಿಂದಿಯಾಯಿತು. ಕೆಲವು ವಾರ ಬಿಟ್ಟು ಅದೇ ಬೆರಳಿಟ್ಟುಕೊಂಡು ಪ್ಲೇಆಫ್ ಆಡಿದ. ಕೊನೆಗೆ ಸೋತದ್ದು ಪಿಟ್ಸ್‌ಬರ್ಗಿಗೇ.

ಕ್ಯಾಪ್ಟನ್ ಸಿವ್ರೆಟ್ ಬಹುಪಾಲು ಕೆಳಗಿನ ಲೀಗಿನಲ್ಲೇ ಆಡಿದ. ಎನ್‌ಎಚ್‌ಎಲ್‌ನಲ್ಲಿ ಅವನ ಮೊದಲ ಗೋಲು ಬಿದ್ದದ್ದು 2010ರ ಜನವರಿ 1ರಂದು, ಬಾಸ್ಟನ್ನಿನ ಫೆನ್‌ವೇ ಬೇಸ್‌ಬಾಲ್ ಮೈದಾನದಲ್ಲಿ ಐಸ್ ಹಾಕಿ ಬಯಲಲ್ಲಿ ಆಡಿಸಿದ ಹೊಸ ವರ್ಷದ ಪಂದ್ಯದಲ್ಲಿ. ಆ ಒಂದು ಗೋಲನ್ನು ಸಾವಿರ ಪಂದ್ಯ ಆಡಿದವರೂ ಹೊಟ್ಟೆಕಿಚ್ಚಿನಿಂದ ನೋಡಬೇಕು. ಗೋಲಿ ಡೆನಿಸ್ ಎನ್‌ಎಚ್‌ಎಲ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ. ಆಮೇಲೆ ಇದೇ ಜೂನಿಯರ್ ಲೀಗಿನ ನಾರ್ತ್ ಬೇ ತಂಡದ ಜನರಲ್ ಮ್ಯಾನೇಜರ್ ಆದ. ಹದಿನಾರರ ಹುಡುಗರನ್ನು ಆರಿಸುವ ಕಡೆ ಕೂತ. ಡಿಲನ್ ಹಂಟರ್ ನೈಟ್ಸ್‌ಗೇ ವಾಪಸ್ ಬಂದು ಅಪ್ಪನ ಪಕ್ಕ ಕೋಚ್ ಆಗಿ ನಿಂತ. 2025ರ ಜೂನ್ 1ರಂದು ಅಪ್ಪ ಮಗನ ತಂಡ ಮತ್ತೆ ಮೆಮೊರಿಯಲ್ ಕಪ್ ಗೆದ್ದಿತು. ಎಲ್ಲಿ ಅಂತೀರಾ? ರಿಮೂಸ್ಕಿಯಲ್ಲಿ!

ಪೆರಿ ಬಗ್ಗೆ ನಾನೂ ಮಗನೂ ಜಗಳ ಆಡುತ್ತೇವೆ. 2007ರಲ್ಲಿ ಸ್ಟ್ಯಾನ್ಲಿ ಕಪ್, 2011ರಲ್ಲಿ 50 ಗೋಲು ಹೊಡೆದು ಲೀಗಿನ ಅತ್ಯುತ್ತಮ ಆಟಗಾರ, ಎರಡು ಒಲಿಂಪಿಕ್ ಚಿನ್ನ. ಗೆಲ್ಲಬಹುದಾದದ್ದೆಲ್ಲ ಗೆದ್ದವನು. ಆಮೇಲೆ ಶುರುವಾಯಿತು ನೋಡಿ. 2020ರಲ್ಲಿ ಡಲ್ಲಾಸ್ ಜೊತೆ ಫೈನಲ್ ಸೋತ. 2021ರಲ್ಲಿ ಮಾಂಟ್ರಿಯಲ್ ಜೊತೆ ಟ್ಯಾಂಪಾಗೆ ಸೋತ. ಮುಂದಿನ ಸೀಸನ್ನಿಗೆ ಟ್ಯಾಂಪಾಗೇ ಹೋಗಿ ಸೇರಿದ, 2022ರಲ್ಲಿ ಅವರೂ ಸೋತರು. 2024ರಲ್ಲಿ ಎಡ್ಮಂಟನ್ ಜೊತೆ ಸೋತ. 2025ರಲ್ಲಿ, ನಲವತ್ತು ತುಂಬಿದ ಮೇಲೆ, ಮತ್ತೆ ಎಡ್ಮಂಟನ್, ಮತ್ತೆ ಸೋಲು. ಐದು ಸಲ!

ಮಗ ಈಗ ಕ್ಯಾಲ್ಗರಿಯಲ್ಲಿದ್ದಾನೆ. ಆ ರಾತ್ರಿ ಫೋನ್ ಮಾಡಿದ. "ಪಾಪ ಕಣೋ, ಸಾಕು ಮನೆಗೆ ಹೋಗಲಿ" ಅಂದೆ. "ಅಮ್ಮ, ಐದು ಫೈನಲ್ ಸೋಲಬೇಕು ಅಂದರೆ ಐದು ಫೈನಲ್‌ಗೆ ಹೋಗಬೇಕು, ಅದು ಯಾರಿಗೆ ಆಗುತ್ತೆ?" ಅಂದ. ಅಲ್ವಾ ಮತ್ತೆ. ಆದರೂ ಪಟ್ಟಿಯಲ್ಲಿ ಶ್ರೆಂಪ್‌ನನ್ನೇ ಮೇಲಿಟ್ಟಿದ್ದೆಯಲ್ಲ ಅಂತ ಕೆಣಕಿದೆ. ಮೇಲೆ ಇಟ್ಟಿದ್ದು ಸರಿಯಾಗೇ ಇದೆ, ಅಂಥ ಕೈ ಇನ್ನೊಬ್ಬನದು ನೋಡಿಲ್ಲ ಅಂತ ಶುರು ಮಾಡಿದ. ಆಮೇಲೆ ಅರ್ಧ ಗಂಟೆ ಅದೇ ಮಾತು.