ಪನ್ವೇಲ್–ಕನ್ಯಾಕುಮಾರಿ ಹೆದ್ದಾರಿಯ ಪಟ್ಟಿನಕ್ಷೆ: ಕಾಸರಗೋಡಿನ ಹಾಳೆಗಳು

ಮಹಾರಾಷ್ಟ್ರದ ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66ನ್ನು ಒಂದೇ ಕಾಗದದ ಸುರುಳಿಯ ಮೇಲೆ ಕೈಯಿಂದ ಬರೆಯುವ ನನ್ನ ಹವ್ಯಾಸದ ಕೆಲಸದಲ್ಲಿ, ತಲಪಾಡಿಯಿಂದ ಕಾಲಿಕ್ಕಡವಿನವರೆಗಿನ ಭಾಗ, ಎಂದರೆ ನಮ್ಮ ಕಾಸರಗೋಡು ಜಿಲ್ಲೆಯ ಭಾಗ, ಈ ಮಳೆಗಾಲದಲ್ಲಿ ಶಾಯಿಯಲ್ಲಿ ಪೂರ್ತಿಯಾಯಿತು. ಕಿಲೋಮೀಟರಿಗೆ ಎರಡು ಸೆಂಟಿಮೀಟರ್ ಎಂಬುದು ಅಳತೆ. ಹೆದ್ದಾರಿ 1,600 ಕಿ.ಮೀ.ಗೂ ಸ್ವಲ್ಪ ಹೆಚ್ಚು ಉದ್ದವಿರುವುದರಿಂದ ಸುರುಳಿ ಮುಗಿಯುವಾಗ 32 ಮೀಟರ್ ದಾಟುತ್ತದೆ. ಅದನ್ನು ಬಿಡಿಸಿ ಹಾಸುವಷ್ಟು ದೊಡ್ಡ ಜಗಲಿ ಯಾರ ಮನೆಯಲ್ಲಿದೆ ಎಂಬ ಪ್ರಶ್ನೆಯನ್ನು ಮನೆಯವರು ಈಗಾಗಲೇ ಎತ್ತಿದ್ದಾರೆ.

ಈ ಅಳತೆಯನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳ ಅಳತೆಯೂ ಇದೇ ಆದ್ದರಿಂದ ಅವುಗಳ ಮೇಲೆ ಬಟರ್ ಪೇಪರ್ ಹಾಸಿ ನೇರವಾಗಿ ಗೆರೆ ಎಳೆಯಬಹುದು. ಅದಕ್ಕೂ ಹಳೆಯ ಹಾಳೆಗಳು ಮೈಲಿಗೆ ಒಂದು ಇಂಚಿನವು. ಅವನ್ನು ಹೊಂದಿಸಬೇಕಾದರೆ ಜೆರಾಕ್ಸ್ ಯಂತ್ರದಲ್ಲಿ ಶೇಕಡಾ 127ಕ್ಕೆ ಹಿಗ್ಗಿಸಬೇಕು. ಲೆಕ್ಕ ಅಷ್ಟು ಸುಲಭವಾದರೂ ಆಟಿ ತಿಂಗಳ ಮಳೆಯ ತೇವಕ್ಕೆ ಕಾಗದ ತಾನೇ ಒಂದಿಷ್ಟು ಹಿಗ್ಗುತ್ತದೆ, ಆದ್ದರಿಂದ ಒಂದು ಹಾಳೆಯ ಹೊಳೆ ಇನ್ನೊಂದು ಹಾಳೆಯ ಹೊಳೆಗೆ ಕೂಡಿಕೊಳ್ಳುವುದಿಲ್ಲ. ಹಾಳೆಗಳನ್ನು ಅಡುಗೆಮನೆಯ ಅಟ್ಟದಲ್ಲಿ ಒಣಗಿಸಿ, ಸೇತುವೆಗಳನ್ನೇ ಗುರುತಾಗಿಟ್ಟುಕೊಂಡು ಹೊಂದಿಸುವ ಕ್ರಮ ಈಗ ರೂಢಿಯಾಗಿದೆ. ಹಳೆಯ ದಾರಿಗೆ ಕಪ್ಪು ಶಾಯಿ, ಆರು ಪಥದ ಹೊಸ ದಾರಿಗೆ ಕೆಂಪು.

ಈ ಹೆದ್ದಾರಿಯನ್ನು ಯಾರೂ ಒಂದೇ ಸಲಕ್ಕೆ ಕಲ್ಪಿಸಿ ಕಟ್ಟಿದ್ದಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಕಾರವಾರದ ಕಡೆಯ ರಸ್ತೆಗಳು ಒಂದು ಸರಕಾರದ ಕೈಯಲ್ಲಿದ್ದರೆ, ಕಾಸರಗೋಡನ್ನೂ ಒಳಗೊಂಡ ದಕ್ಷಿಣ ಕನ್ನಡದವು ಮದರಾಸಿನ ಕೈಯಲ್ಲಿದ್ದವು. ದಕ್ಷಿಣಕ್ಕೆ ಕೊಚ್ಚಿ, ತಿರುವಾಂಕೂರು ಸಂಸ್ಥಾನಗಳದ್ದೇ ಬೇರೆ ವ್ಯವಸ್ಥೆ, ನಡುವೆ ಗೋವೆ 1961ರ ಡಿಸೆಂಬರಿನವರೆಗೂ ಪೋರ್ಚುಗೀಸರ ನೆಲ. ಸ್ವಾತಂತ್ರ್ಯಾನಂತರ ಪಶ್ಚಿಮ ಕರಾವಳಿ ಹೆದ್ದಾರಿಗಾಗಿ ದೆಹಲಿಯಲ್ಲಿ ಪಟ್ಟು ಹಿಡಿದವರಲ್ಲಿ ಮಂಗಳೂರಿನ ಕಡೆಯ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರು ಮುಂಚೂಣಿಯದು. ಪನ್ವೇಲಿನಿಂದ ಕೊಚ್ಚಿಯ ಇಡಪ್ಪಳ್ಳಿಯವರೆಗಿನ ದಾರಿ ಬಹುಕಾಲ 17ನೇ ಸಂಖ್ಯೆಯದಾಗಿತ್ತು. 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಾಯಿಸಿದಾಗ ಉತ್ತರ–ದಕ್ಷಿಣದ ಮುಖ್ಯ ದಾರಿಗಳಿಗೆ ಪೂರ್ವದಿಂದ ಪಶ್ಚಿಮಕ್ಕೆ ಏರುವ ಸಮಸಂಖ್ಯೆಗಳನ್ನು ಕೊಟ್ಟರು. ಹಾಗಾಗಿ ಪೂರ್ವ ಕರಾವಳಿಯದು 16, ಬೆಂಗಳೂರಿನ ಮೂಲಕ ಹಾಯುವುದು 44, ನಮ್ಮದು 66. ಸೇಲಂನಿಂದ ಬರುತ್ತಿದ್ದ ಹಳೆಯ 47ರ ಇಡಪ್ಪಳ್ಳಿ–ಕನ್ಯಾಕುಮಾರಿ ಭಾಗವೂ ಆಗಲೇ ಇದಕ್ಕೆ ಸೇರಿತು.

ಜಿಲ್ಲೆಯ ಉತ್ತರಾರ್ಧವನ್ನು ಬರೆಯುವುದು ಕಷ್ಟವಾಗಲಿಲ್ಲ. ತಲಪಾಡಿ, ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್‌ಗಳಲ್ಲಿ ರೈಲುಹಳಿ, ಹೆದ್ದಾರಿ, ಕಡಲು ಮೂರೂ ಹತ್ತಿರ ಹತ್ತಿರವೇ ಸಾಗುತ್ತವೆ. ಆರಿಕ್ಕಾಡಿಯ ಕೋಟೆಯಂತೂ ರಸ್ತೆಯ ಮಗ್ಗುಲಲ್ಲೇ ಇದೆ. ಕಾಸರಗೋಡು ಪೇಟೆಯಲ್ಲಿ ಒಂಟಿ ಕಂಬಗಳ ಸಾಲಿನ ಮೇಲೆ ನಿಂತ ಹೊಸ ಮೇಲ್ಸೇತುವೆಗೆ ನಕ್ಷೆಯಲ್ಲಿ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಕೆಂಪು ಗೆರೆ ಸಾಕಾಯಿತು.

ತೊಡಕು ಮತ್ತು ಸ್ವಾರಸ್ಯ ಎರಡೂ ಶುರುವಾಗುವುದು ವಿದ್ಯಾನಗರದಿಂದ ಆಚೆಗೆ. ಹೆದ್ದಾರಿ ಅಲ್ಲಿ ಕಡಲಿಗೆ ಬೆನ್ನು ಹಾಕಿ ಚೆಂಗಳ, ಚೆರ್ಕಳಗಳ ಕಡೆಗೆ ಒಳನಾಡಿಗೆ ತಿರುಗುತ್ತದೆ. ತೆಕ್ಕಿಲ್‌ನಲ್ಲಿ ಚಂದ್ರಗಿರಿ ಹೊಳೆಯನ್ನು ದಾಟಿ ಚಟ್ಟಂಚಾಲ್, ಪೊಯಿನಾಚಿ, ಪೆರಿಯ, ಮಾವುಂಗಾಲ್ ಮಾರ್ಗವಾಗಿ ನೀಲೇಶ್ವರದ ಬಳಿ ಮತ್ತೆ ಕರಾವಳಿಯ ಬಯಲಿಗೆ ಇಳಿಯುತ್ತದೆ. ಚಂದ್ರಗಿರಿ ಕೋಟೆ, ಬೇಕಲ, ಹೊಸದುರ್ಗ ಇವೆಲ್ಲ ಪಶ್ಚಿಮಕ್ಕೆ ಉಳಿದುಬಿಡುತ್ತವೆ. ಕಾಸರಗೋಡಿನಿಂದ ಕಾಞಂಗಾಡಿಗೆ ಹೋಗುವವರು ಇಂದಿಗೂ ಹೆದ್ದಾರಿಯನ್ನು ಬಿಟ್ಟು ಕಡಲ ಬದಿಯ ರಾಜ್ಯ ರಸ್ತೆಯನ್ನೇ ಹಿಡಿಯುತ್ತಾರೆ, ಏಕೆಂದರೆ ಅದೇ ಹತ್ತಿರ. ಮಲಬಾರಿನಿಂದ 1801ರಲ್ಲಿ ಉತ್ತರಕ್ಕೆ ಬಂದ ಕಂಪನಿ ಸರಕಾರದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ನಡೆದದ್ದು ಸಹ ನೀಲೇಶ್ವರ, ಹೊಸದುರ್ಗ, ಬೇಕಲಗಳ ಈ ಕಡಲ ದಾರಿಯನ್ನೇ.

ಎರಡು ಗೆರೆಗಳನ್ನೂ ಒಂದೇ ಹಾಳೆಯ ಮೇಲೆ ಎಳೆದಾಗ ಅವು ಕವಲೊಡೆಯುವುದರ ಕಾರಣ ಕಣ್ಣಿಗೆ ಕಾಣುತ್ತದೆ. ಈ ಕೋಟೆಗಳನ್ನು ಕಟ್ಟಿಸಿದ ಇಕ್ಕೇರಿ ನಾಯಕರಿಗೆ ಬೇಕಾಗಿದ್ದುದು ಕಡಲನ್ನೂ ಹೊಳೆ ದಾಟುವ ಕಡವನ್ನೂ ಕಾಯುವ ಜಾಗ, ಆದ್ದರಿಂದ ಅವರ ಕೋಟೆಗಳು ಹೊಳೆ ಅಗಲವಾಗುವ ಅಳಿವೆಗಳ ಸಮೀಪ ನಿಂತವು. ರಸ್ತೆ ಎಂಜಿನಿಯರನಿಗೆ ಬೇಕಾದದ್ದು ಹೊಳೆ ಕಿರಿದಾದ ಜಾಗ, ಹಾಗಾಗಿ ಅವನು ತೆಕ್ಕಿಲ್‌ಗೆ ಹೋದ. ಆದರೆ ಕಿರಿದಾದ ಹೊಳೆಯ ಎರಡೂ ದಡಗಳಲ್ಲಿ ಗುಡ್ಡವಿರುತ್ತದೆ. ಸೇತುವೆಯಲ್ಲಿ ಉಳಿಸಿದ್ದನ್ನು ಮುರಕಲ್ಲಿನ (ಲ್ಯಾಟರೈಟ್) ಗುಡ್ಡ ಕಡಿಯುವುದಕ್ಕೆ ಕೊಡಬೇಕಾಗುತ್ತದೆ, ಅದೂ ಎರಡು ಪಥಕ್ಕೆ ಸಾಕಾಗಿದ್ದ ಕಡಿತವನ್ನು ಆರು ಪಥಕ್ಕೆ ಅಗಲಿಸುವಾಗ ದುಬಾರಿಯಾಗಿಯೇ. ಮೇಲ್ಗಡೆ ಗಟ್ಟಿ ಮುರಕಲ್ಲು, ಅದರಡಿಯಲ್ಲಿ ನೀರು ಕುಡಿದರೆ ಮೆತ್ತಗಾಗುವ ಜೇಡಿ: ಗುಡ್ಡವನ್ನು ಲಂಬವಾಗಿ ಕೊರೆದು ಬಿಟ್ಟರೆ ಕುಸಿಯುವುದು ಈ ಕೆಳಗಿನ ಪದರವೇ. 2025ರ ಮಳೆಗಾಲದಲ್ಲಿ ತೆಕ್ಕಿಲ್ ಹತ್ತಿರದ ಬೇವಿಂಜೆಯಲ್ಲಿಯೂ ಚೆರುವತ್ತೂರಿನ ವೀರಮಲೆ ಗುಡ್ಡದಲ್ಲಿಯೂ ಮಣ್ಣು ಜರಿದು ರಸ್ತೆಗೆ ಬಂತು. ನಕ್ಷೆಯಲ್ಲಿ ಇಂತಹ ಕಡಿತಗಳಿಗೆ ಸಣ್ಣ ಅಡ್ಡಗೀಟುಗಳನ್ನು ಹಾಕಿದ್ದೇನೆ.

ಗುಡ್ಡ ಅಥವಾ ಹೊಳೆ ಎಂಬ ಈ ಆಯ್ಕೆಯನ್ನು ಹೆದ್ದಾರಿ ಮತ್ತೆ ಮತ್ತೆ ಎದುರಿಸುತ್ತದೆ ಎಂಬುದು ಉಳಿದ ಹಾಳೆಗಳ ಕರಡಿನಲ್ಲಿಯೂ ಕಾಣುತ್ತಿದೆ. ಉತ್ತರ ಕನ್ನಡದಲ್ಲಿ ಸಹ್ಯಾದ್ರಿಯ ಚಾಚುಗಳು ಕಡಲವರೆಗೂ ಬರುವುದರಿಂದ ಅಲ್ಲಿ ಎರಡನ್ನೂ ತಪ್ಪಿಸುವಂತಿಲ್ಲ: ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 16ರಂದು, ಕಾರವಾರದ ಬಳಿ ಕಾಳಿಯ ಹಳೆಯ ಸೇತುವೆ ಮುರಿದು ಬಿದ್ದದ್ದು ಅದೇ ವರ್ಷದ ಆಗಸ್ಟ್ 7ರ ನಸುಕಿನಲ್ಲಿ. ರಾಯಗಡ ಜಿಲ್ಲೆಯ ಮಹಾಡದಲ್ಲಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಮಾನು ಸೇತುವೆ 2016ರ ಆಗಸ್ಟಿನ ನೆರೆಗೆ ಕೊಚ್ಚಿಹೋಗಿ ಬಸ್ಸುಗಳೇ ನೀರುಪಾಲಾದವು. ಕೊಚ್ಚಿಯಿಂದ ದಕ್ಷಿಣಕ್ಕೆ ಗುಡ್ಡದ ಕಾಟ ಕಡಿಮೆ, ಆದರೆ ಊರಿಗೆ ಊರು ಅಂಟಿಕೊಂಡಿರುವ ಆಲಪ್ಪುಳದಂತಹ ಕಡೆ 2021ರಲ್ಲಿ ತೆರೆದ ಬೈಪಾಸನ್ನು ಕಡಲ ಕಿನಾರೆಯಲ್ಲಿ ಎತ್ತರಿಸಿಯೇ ಕಟ್ಟಬೇಕಾಯಿತು. ತಲಶ್ಶೇರಿ–ಮಾಹಿ ಬೈಪಾಸು 2024ರ ಮಾರ್ಚಿನಲ್ಲಿ ತೆರೆದದ್ದರಿಂದ ಮಾಹಿ ಪೇಟೆ ಕಪ್ಪು ಗೆರೆಗೆ ಸೇರಿದೆ.

ಮುಂದಿನ ಸರದಿ ತಲಪಾಡಿಯಿಂದ ಉತ್ತರಕ್ಕೆ, ಬೈಂದೂರಿನವರೆಗೆ. ಸೌಪರ್ಣಿಕಾ ಹೊಳೆ ಮತ್ತು ಕಡಲಿನ ನಡುವಿನ ಮರವಂತೆಯ ಇಕ್ಕಟ್ಟಿನಲ್ಲಿ ಮೂರು ಗೆರೆಗಳನ್ನು ಹಿಡಿಸಲು ಸಪೂರ ನಿಬ್ಬು ಬೇಕು, ಅದನ್ನು ತರಿಸಿಟ್ಟಿದ್ದೇನೆ. ಅದಕ್ಕೂ ಮೊದಲು ಬಗೆಹರಿಯಬೇಕಾದದ್ದು ನೇತ್ರಾವತಿ. ಉಳ್ಳಾಲದ ರಸ್ತೆ ಸೇತುವೆ ಬರುವ ಮುಂಚೆ ವಾಹನಗಳು ನೇತ್ರಾವತಿಯನ್ನು ದಾಟಲು ಇದ್ದದ್ದು ಪಾಣೆಮಂಗಳೂರಿನ ಉಕ್ಕಿನ ಸೇತುವೆ, ಆದ್ದರಿಂದ ಹಳೆಯ ದಾರಿಯ ಕಪ್ಪು ಗೆರೆ ಅಲ್ಲಿಗೆ ಹೋಗಬೇಕು. ನನ್ನ ಸುರುಳಿಯ ಅಗಲ 20 ಸೆಂಟಿಮೀಟರ್, ಎಂದರೆ ನೆಲದ ಮೇಲೆ 10 ಕಿ.ಮೀ.; ಪಾಣೆಮಂಗಳೂರು ಅದರಿಂದ ಬಹಳ ಹೊರಗೆ, ಪೂರ್ವಕ್ಕೆ ಬೀಳುತ್ತದೆ. ಆ ಒಂದು ಕಡೆ ಬಲಬದಿಗೆ ಹೆಚ್ಚುವರಿ ಹಾಳೆಯನ್ನು ಅಂಟಿಸಿ, ಸುರುಳಿ ಸುತ್ತುವಾಗ ಒಳಕ್ಕೆ ಮಡಿಸಿಡುವುದೆಂದು ಸದ್ಯಕ್ಕೆ ತೀರ್ಮಾನಿಸಿದ್ದೇನೆ.